67ರ ಮಗ 14, ಅವನ ಮಗ 27

ಜರ್ಮನಿಯ ಪೂರ್ವಭಾಗದಲ್ಲಿರುವ ಗೇರಾ ಪಟ್ಟಣದ ಹಳೆಯ ದೊರೆಗಳ ಪಟ್ಟಿಯನ್ನು ಮೊದಲ ಸಲ ನೋಡಿದವರು ಅಚ್ಚಿನ ದೋಷವಿರಬೇಕು ಅಂದುಕೊಳ್ಳುತ್ತಾರೆ. 1854ರವರೆಗೆ ಆಳಿದವನು 62ನೇ ಹೈನ್‌ರಿಷ್. ಅವನ ನಂತರ ಪಟ್ಟಕ್ಕೆ ಬಂದ ತಮ್ಮ 67ನೇ ಹೈನ್‌ರಿಷ್. 67ರ ಮಗ 14ನೇ ಹೈನ್‌ರಿಷ್. 14ರ ಮಗ 27. 27ರ ಮಗ 45. ಅಣ್ಣತಮ್ಮಂದಿರ ನಡುವೆ ಇರಬೇಕಾದ 63, 64, 65, 66 ಎಲ್ಲಿ ಹೋದರು? ಅಪ್ಪನಿಗಿಂತ ಮಗನ ಸಂಖ್ಯೆ ಐವತ್ತಮೂರು ಕಡಿಮೆಯಾದದ್ದು ಹೇಗೆ?

ಅಚ್ಚು ಸರಿಯಾಗಿಯೇ ಇದೆ. ಇದು ರಾಯ್ಸ್ ಮನೆತನ. ಇಲ್ಲಿ ಹುಟ್ಟುವ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಹೈನ್‌ರಿಷ್. ಹನ್ನೆರಡನೇ ಶತಮಾನದ ಕೊನೆಯಿಂದ ಇವತ್ತಿನವರೆಗೆ, ಎಂಟುನೂರಕ್ಕೂ ಹೆಚ್ಚು ವರ್ಷ ಈ ಪದ್ಧತಿ ತಪ್ಪಿಲ್ಲ. ಸಾಮಾನ್ಯವಾಗಿ ರಾಜರ ಹೆಸರಿನ ಜೊತೆಗಿರುವ ಸಂಖ್ಯೆ ಸಿಂಹಾಸನದ ಲೆಕ್ಕ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಎಂದರೆ ಲೂಯಿ ಎಂಬ ಹೆಸರಿನಲ್ಲಿ ಅಲ್ಲಿ ಪಟ್ಟವೇರಿದ ಹದಿನಾಲ್ಕನೆಯವನು. ಅವನ ತಮ್ಮನಿಗೆ ಸಂಖ್ಯೆ ಇಲ್ಲ. ರಾಯ್ಸ್‌ಗಳಲ್ಲಿ ಸಂಖ್ಯೆ ತೊಟ್ಟಿಲ ಲೆಕ್ಕ. ಪಟ್ಟಕ್ಕೆ ಬರಲಿ ಬಿಡಲಿ, ಎಳೆಯದರಲ್ಲೇ ತೀರಿಕೊಳ್ಳಲಿ, ಮನೆತನದ ಯಾವ ಮೂಲೆಯಲ್ಲಿ ಗಂಡು ಹುಟ್ಟಿದರೂ ಮುಂದಿನ ಅಂಕಿ ಅವನದು. 63ರಿಂದ 66ರವರೆಗಿನವರು ಹೀಗೆ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದವರು.

ಅಂಕಿ ಹೀಗೇ ಬೆಳೆಯುತ್ತ ಹೋದರೆ ಗತಿಯೇನು? 1668ರಲ್ಲಿ ಮನೆತನ ಇದನ್ನು ಕಟ್ಟಳೆಯಾಗಿಯೇ ಬರೆದುಕೊಂಡಿತು. ಹಿರಿಯ ಶಾಖೆಯವರು ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡಬೇಕು. ಕಿರಿಯ ಶಾಖೆಯವರದು ಇನ್ನೊಂದು ಕ್ರಮ: ಶತಮಾನ ತಿರುಗಿದಾಗ ಹುಟ್ಟುವ ಮೊದಲ ಗಂಡುಮಗು ಮತ್ತೆ ಒಂದನೇ ಹೈನ್‌ರಿಷ್. ಹಿರಿಯ ಶಾಖೆಗೆ ನೂರು ಮುಟ್ಟುವ ಯೋಗ ಬರಲೇ ಇಲ್ಲ. 24ಕ್ಕೇ ಅದು ಮುಗಿಯಿತು. ಕಿರಿಯ ಶಾಖೆಯಲ್ಲಿ 67ನೆಯವನು ಹುಟ್ಟಿದ್ದು 1789ರಲ್ಲಿ, ಅಂದರೆ ಹದಿನೆಂಟನೇ ಶತಮಾನದ ಎಣಿಕೆಯ ಕೊನೆಗೆ. ಅವನ ಮಗ ಹುಟ್ಟಿದ್ದು 1832ರಲ್ಲಿ, ಹೊಸ ಎಣಿಕೆಯಲ್ಲಿ. ಹಾಗಾಗಿ 67ರ ಮಗ 14. ಮನೆಯೊಳಗೆ ಕರೆಯುವುದಕ್ಕೆ ಅಡ್ಡಹೆಸರುಗಳಿದ್ದವು ಅನ್ನಿ, ಇಲ್ಲದಿದ್ದರೆ ಊಟಕ್ಕೆ ಕರೆದಾಗ ಹತ್ತು ಜನ ಎದ್ದುಬರಬೇಕಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಮಾತ್ರ ಬಗೆಬಗೆಯ ಹೆಸರಿಡುತ್ತಿದ್ದರು, ಸಂಖ್ಯೆಯ ಹಂಗಿಲ್ಲದೆ. ಈ ಮನೆತನದ ಹೆಸರು ಯುರೋಪಿನ ದೊಡ್ಡ ಅರಮನೆಗಳಿಗೆ ಹೋದದ್ದು ಆ ಹೆಣ್ಣುಮಕ್ಕಳಿಂದಲೇ ಎಂಬುದು ನನ್ನ ವಾದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲಿಗೆ ಇವರು ದೊರೆಗಳೂ ಅಲ್ಲ, ಸ್ವತಂತ್ರರೂ ಅಲ್ಲ. ಮಧ್ಯಯುಗದ ಜರ್ಮನಿಯಲ್ಲಿ ಮಿನಿಸ್ಟೀರಿಯಾಲಿಸ್ ಎಂಬ ವಿಚಿತ್ರ ವರ್ಗವೊಂದಿತ್ತು. ಕುದುರೆ, ಕತ್ತಿ, ಕೋಟೆಯ ಉಸ್ತುವಾರಿ ಎಲ್ಲ ಇದ್ದರೂ ಕಾನೂನಿನ ಕಣ್ಣಲ್ಲಿ ಒಡೆಯನಿಗೆ ಕಟ್ಟುಬಿದ್ದ ಆಳುಗಳು ಅವರು. ವೈಡಾ ಎಂಬ ಊರಿನ ಇಂಥದೊಂದು ಕುಟುಂಬ 1122ರ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಚಕ್ರವರ್ತಿಯ ನೆಲ, ಮಠದ ನೆಲಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಫೋಗ್ಟ್ ಎಂದು ಹೆಸರು. ನಮ್ಮ ಅಮಲ್ದಾರನ ಥರ ಅಂದುಕೊಳ್ಳಿ, ಆದರೆ ಕೈಯಲ್ಲಿ ಸೈನ್ಯವೂ ಇದ್ದ ಅಮಲ್ದಾರ. ವೈಡಾ, ಗೇರಾ, ಪ್ಲಾವೆನ್ ಸುತ್ತಲಿನ ಫೋಗ್ಟ್‌ಗಿರಿ ಈ ಕುಟುಂಬಕ್ಕೆ ವಂಶಪಾರಂಪರ್ಯವಾಯಿತು. ಆ ಸೀಮೆಗೆ ಇವತ್ತಿಗೂ ಫೋಗ್ಟ್‌ಲಾಂಡ್ ಎಂದೇ ಹೆಸರು. ಇವರನ್ನು ಮೇಲೆತ್ತಿದವನು ಚಕ್ರವರ್ತಿ ಆರನೇ ಹೈನ್‌ರಿಷ್, 1197ರಲ್ಲಿ ತೀರಿಕೊಂಡವನು. ಆ ಉಪಕಾರದ ನೆನಪಿಗೇ ಗಂಡುಮಕ್ಕಳಿಗೆಲ್ಲ ಅವನ ಹೆಸರಿಟ್ಟರು ಎಂಬುದು ಮನೆತನದಲ್ಲಿ ಬಂದ ಮಾತು. ಉಪಕಾರ ಸ್ಮರಣೆ ಇಷ್ಟು ದೀರ್ಘವಾಗಿ ನಡೆದದ್ದು ಬೇರೆಲ್ಲೂ ನನಗೆ ಗೊತ್ತಿಲ್ಲ. ರಾಯ್ಸ್ ಎಂಬುದು ಆಮೇಲೆ, 1300ರ ಆಸುಪಾಸಿನಲ್ಲಿ, ಪ್ಲಾವೆನ್ ಶಾಖೆಯ ಒಬ್ಬನಿಗೆ ಅಂಟಿಕೊಂಡ ಅಡ್ಡಹೆಸರು. ಪೂರ್ವದ ರುಥೇನಿಯಾ ಕಡೆಯ ನಂಟಿನಿಂದ ಬಂತು ಎನ್ನುತ್ತಾರೆ.

ಹದಿನಾಲ್ಕನೇ ಶತಮಾನದ ನಡುವಿನಲ್ಲಿ ನೆರೆಯ ವೆಟ್ಟಿನ್ ದೊರೆಗಳು ಮತ್ತು ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಸೇರಿ ಈ ಫೋಗ್ಟ್‌ಗಳನ್ನು ಹಣಿದರು. ಸೀಮೆಯ ಬಹುಭಾಗ ಕೈಬಿಟ್ಟಿತು. ಅಲ್ಲಿಂದ ಮುಂದೆ ಇವರದು ಸಣ್ಣವರ ಕತೆ. ಆದರೂ ಈ ರಕ್ತದ ಒಬ್ಬ, ಮನೆಯಿಂದ ಬಹು ದೂರದಲ್ಲಿ, ಯುರೋಪಿನ ಇತಿಹಾಸದ ದಿಕ್ಕನ್ನು ಕೆಲಕಾಲ ಹಿಡಿದು ನಿಲ್ಲಿಸಿದ. 1410ರ ಜುಲೈ 15ರಂದು ಪೋಲೆಂಡ್ ಮತ್ತು ಲಿಥುವೇನಿಯಾದ ಸೇನೆ ಟ್ಯೂಟಾನಿಕ್ ಯೋಧಸಂಘವನ್ನು ಟಾನೆನ್‌ಬರ್ಗ್ ಬಯಲಲ್ಲಿ ನುಚ್ಚುನೂರು ಮಾಡಿತು. ಸಂಘದ ಮುಖ್ಯಸ್ಥ ಸತ್ತ, ದಂಡನಾಯಕರಲ್ಲಿ ಹೆಚ್ಚಿನವರು ಸತ್ತರು. ಕದನಕ್ಕೆ ಹೋಗದೆ ಶ್ವೆಟ್ಸ್ ಕೋಟೆಯನ್ನು ಕಾಯುತ್ತಿದ್ದ ಹೈನ್‌ರಿಷ್ ಫೋನ್ ಪ್ಲಾವೆನ್ ಸುದ್ದಿ ಮುಟ್ಟಿದ್ದೇ ತನ್ನ ಆಳುಗಳನ್ನು ಕರೆದುಕೊಂಡು ರಾಜಧಾನಿ ಮರಿಯೆನ್‌ಬರ್ಗ್‌ಗೆ ಓಡಿದ. ಕೋಟೆಯ ಬುಡದಲ್ಲಿದ್ದ ಊರಿಗೆ ತಾನೇ ಬೆಂಕಿ ಹಚ್ಚಿಸಿದ, ಶತ್ರುವಿಗೆ ಮರೆ ಸಿಗಬಾರದೆಂದು. ಎರಡು ತಿಂಗಳು ಮುತ್ತಿಗೆ ಹಾಕಿದ ಪೋಲಿಷ್ ಸೇನೆ ಬರಿಗೈಯಲ್ಲಿ ಹಿಂತಿರುಗಿತು. ಆ ಕೋಟೆಯ ಬೇಸಿಗೆ ಭೋಜನಶಾಲೆಯ ಇಡೀ ಚಾವಣಿ ನಡುವಿನ ಒಂದೇ ಕಂಬದ ಮೇಲೆ ನಿಂತಿದೆ. ಆ ಕಂಬಕ್ಕೆ ಗುರಿಯಿಟ್ಟು ಹಾರಿಸಿದ ಗುಂಡು ತಪ್ಪಿ ಗೋಡೆಗೆ ನಾಟಿತು ಎಂದು ಹೇಳಿ ಗೋಡೆಯಲ್ಲಿರುವ ಕಲ್ಲುಗುಂಡನ್ನು ಇವತ್ತಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಕಾಪಾಡಿದವನನ್ನು ಸಂಘ ಮುಖ್ಯಸ್ಥನನ್ನಾಗಿ ಆರಿಸಿತು, ಮೂರೇ ವರ್ಷಕ್ಕೆ, 1413ರಲ್ಲಿ, ಕೆಳಗಿಳಿಸಿ ಸೆರೆಯಲ್ಲಿಟ್ಟಿತು. ಯುದ್ಧದ ದಂಡ ತೀರಿಸಲು ಅವನು ಹೇರಿದ ತೆರಿಗೆಯೂ ಮತ್ತೊಂದು ಯುದ್ಧದ ಹಂಬಲವೂ ಅವನ ಕುತ್ತಿಗೆಗೆ ಬಂದವು.

ಊರಿನಲ್ಲಿ ಉಳಿದವರು ಪಾಲು ಮಾಡಿಕೊಳ್ಳುತ್ತ ಕೂತರು. ಜರ್ಮನಿಯ ಸಣ್ಣ ಸಂಸ್ಥಾನಗಳ ಕಾಯಿಲೆಯೇ ಇದು: ಹಿರಿಮಗನಿಗೆ ಎಲ್ಲ ಎಂಬ ಕಟ್ಟಳೆ ಇಲ್ಲದ ಕಡೆ ರಾಜ್ಯವೆಂದರೆ ಅಪ್ಪ ಬಿಟ್ಟುಹೋದ ಗದ್ದೆ, ಅಣ್ಣತಮ್ಮಂದಿರು ಬದುವಿನ ಮೇಲೆ ಬದು ಹಾಕಿಕೊಳ್ಳುವುದೇ. 1564ರಲ್ಲಿ ರಾಯ್ಸ್ ನೆಲ ಹಿರಿಯ, ನಡು, ಕಿರಿಯ ಎಂದು ಮೂರಾಯಿತು. ನಡುವಿನ ಶಾಖೆ 1616ಕ್ಕೆ ನಿಂತಿತು. ಕಿರಿಯದು ಗೇರಾ, ಶ್ಲೈಟ್ಸ್, ಲೋಬೆನ್‌ಸ್ಟೈನ್ ಎಂದು ಒಡೆಯಿತು. 1678ರಲ್ಲಿ ಆ ಲೋಬೆನ್‌ಸ್ಟೈನೇ ಲೋಬೆನ್‌ಸ್ಟೈನ್, ಹಿರ್ಶ್‌ಬರ್ಗ್, ಎಬರ್ಸ್‌ಡೋರ್ಫ್ ಎಂದು ಮತ್ತೆ ಮೂರಾಯಿತು. ಬೆಳಿಗ್ಗೆ ಕುದುರೆ ಹತ್ತಿದವನು ಮಧ್ಯಾಹ್ನದೊಳಗೆ ಎರಡು ದೇಶ ದಾಟಿರುತ್ತಿದ್ದ. ಹಿರಿಯ ಶಾಖೆ ಗ್ರೈಟ್ಸ್ ಪಟ್ಟಣದಲ್ಲಿ ಎರಡು ಅರಮನೆ ಕಟ್ಟಿಕೊಂಡಿತು, ಗುಡ್ಡದ ಮೇಲೊಂದು, ಕೆಳಗೊಂದು.

ಈ ಪಾಲುಪಟ್ಟಿಯ ನಡುವೆ ಒಬ್ಬ ಮಾತ್ರ ನಿಜಕ್ಕೂ ದೊಡ್ಡವನಾಗಿ ಕಾಣುತ್ತಾನೆ. ಗೇರಾದ ಎರಡನೇ ಹೈನ್‌ರಿಷ್, ಹುಟ್ಟಿದ್ದು 1572ರಲ್ಲಿ, ಅಪ್ಪ ಸತ್ತ ಮೇಲೆ. ಅದಕ್ಕೇ ಅವನಿಗೆ ಪೋಸ್ಟುಮುಸ್ ಎಂದು ಹೆಸರು. 1595ರಲ್ಲಿ ನಿಕೋಲಸ್ ದ ಸ್ಮಿತ್ ಎಂಬ ಜವಳಿ ಉದ್ಯಮಿ ನೆದರ್‌ಲ್ಯಾಂಡ್ಸ್ ಕಡೆಯಿಂದ ಗೇರಾಕ್ಕೆ ಬಂದ. ದೊರೆ ಜಾಗ ಕೊಟ್ಟ. ಮುಂದಿನ ಮುನ್ನೂರು ವರ್ಷ ಗೇರಾದ ಅನ್ನ ಉಣ್ಣೆಬಟ್ಟೆಯಿಂದ ಬಂತು. 1608ರಲ್ಲಿ ದೊರೆ ತೆರೆದ ಶಾಲೆಗೆ ಮುಂದೆ ಮನೆತನದ ಲ್ಯಾಟಿನ್ ಹೆಸರಿನಿಂದ ರುಥೇನಿಯಮ್ ಎಂಬ ಹೆಸರು ಬಂತು, ಇವತ್ತಿಗೂ ಉಳಿದಿದೆ. ಇವೆಲ್ಲ ಒಳ್ಳೆಯ ದೊರೆಯ ಲಕ್ಷಣಗಳೇ. ಆದರೆ ನಾವು ಅವನನ್ನು ನೆನೆಯುವುದು ಅವನ ಶವಪೆಟ್ಟಿಗೆಯಿಂದ.

ಮೂವತ್ತು ವರ್ಷಗಳ ಯುದ್ಧ ಜರ್ಮನಿಯನ್ನು ಅರೆಯುತ್ತಿದ್ದ ದಿನಗಳು. ಸೈನ್ಯ ಬಂದು ಹೋದಲ್ಲೆಲ್ಲ ಪ್ಲೇಗು. ಪೋಸ್ಟುಮುಸ್ ಬದುಕಿದ್ದಾಗಲೇ, ಮನೆಯವರಿಗೂ ಹೇಳದೆ, ತನಗೊಂದು ಲೋಹದ ಶವಪೆಟ್ಟಿಗೆ ಮಾಡಿಸಿದ. ಅದರ ಮುಚ್ಚಳ, ಪಕ್ಕೆ, ತಲೆಯ ಕಡೆ, ಕಾಲಿನ ಕಡೆ ಎಲ್ಲೆಲ್ಲೂ ತಾನೇ ಆರಿಸಿದ ಬೈಬಲ್ ವಚನಗಳನ್ನೂ ಲೂಥರನ ಪಂಥದ ಹಾಡಿನ ಚರಣಗಳನ್ನೂ ಬರೆಸಿದ. 1635ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಶವಸಂಸ್ಕಾರಕ್ಕೆ ಸಂಗೀತ ಬರೆದವನು ಹೈನ್‌ರಿಷ್ ಶೂಟ್ಸ್. ಇವನ ಹೆಸರೂ ಹೈನ್‌ರಿಷ್ ಆದದ್ದು ಕಾಕತಾಳೀಯ. ಬಾಖ್‌ಗಿಂತ ಸರಿಯಾಗಿ ನೂರು ವರ್ಷ ಮೊದಲು, 1585ರಲ್ಲಿ, ರಾಯ್ಸ್ ಸೀಮೆಯ ಕೋಸ್ಟ್ರಿಟ್ಸ್ ಊರಿನ ಛತ್ರದ ಯಜಮಾನನ ಮಗನಾಗಿ ಹುಟ್ಟಿ, ಡ್ರೆಸ್ಡೆನ್ ಆಸ್ಥಾನದ ಸಂಗೀತ ನಿರ್ದೇಶಕನಾಗಿದ್ದವನು. ಪೆಟ್ಟಿಗೆಯ ಮೇಲಿನ ಆ ಚದುರಿದ ಸಾಲುಗಳನ್ನೇ ಅವನು ಹೊಂದಿಸಿ, ವಚನಗಳನ್ನು ಒಂಟಿದನಿಗಳ ಸಣ್ಣ ಗುಂಪುಗಳಿಗೂ ಹಾಡಿನ ಚರಣಗಳನ್ನು ಇಡೀ ಮೇಳಕ್ಕೂ ಹಂಚಿದ. ‘ಮುಜಿಕಾಲಿಷೆ ಎಕ್ಸೆಕ್ವೀನ್’ ಎಂಬ ಆ ಕೃತಿ ಜರ್ಮನ್ ಭಾಷೆಯ ಮೊದಲ ರೆಕ್ವಿಯಂ ಎಂದು ಹೆಸರಾಗಿದೆ. 1636ರ ಫೆಬ್ರವರಿ 4ರಂದು ಗೇರಾದ ಚರ್ಚಿನಲ್ಲಿ ಅದನ್ನು ಹಾಡಿದರು. ಕೊನೆಯ ಭಾಗದಲ್ಲಿ ಒಂದು ಮೇಳ ವಾದ್ಯದ ಪಕ್ಕದಲ್ಲಿ ನಿಂತು ಬೈಬಲಿನ ಮುದುಕ ಸಿಮಿಯೋನನ ಹಾಡು ಹೇಳುತ್ತದೆ. ಇನ್ನೊಂದು ಪುಟ್ಟ ಮೇಳ ದೂರದಲ್ಲಿ ನಿಲ್ಲಬೇಕೆಂದು ಶೂಟ್ಸ್ ಬರೆದಿದ್ದಾನೆ. ಅದರಲ್ಲಿ ಮೂರೇ ದನಿ: ಇಬ್ಬರು ದೇವದೂತರು, ಒಬ್ಬ ಸತ್ತವನ ಆತ್ಮ. ಕೇಳುವವರಿಗೆ ಪೆಟ್ಟಿಗೆಯಲ್ಲಿದ್ದವನೇ ಆಚೆಯಿಂದ ಹಾಡಿದಂತಾಗಬೇಕು. ಸಾವಿಗೆ ಇಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡ ಇನ್ನೊಬ್ಬ ದೊರೆ ಸಿಗುವುದು ಕಷ್ಟ. ರಾಯ್ಸ್ ಮನೆತನ ಜಗತ್ತಿಗೆ ಇನ್ನೇನೂ ಕೊಡದಿದ್ದರೂ ಇದೊಂದು ಸಾಕಿತ್ತು.

ಈಗ ಹೆಣ್ಣುಮಕ್ಕಳ ವಿಷಯ. ಎಬರ್ಸ್‌ಡೋರ್ಫ್ ಎಂಬ ಅಂಗೈಯಗಲದ ಸಂಸ್ಥಾನದ ಮನೆಯಲ್ಲಿ ದೈವಭಕ್ತಿಯ ವಾತಾವರಣವಿತ್ತು. ಅಲ್ಲಿನ ಎರ್ಡ್‌ಮುಟೆ ಡೊರೊಥೇಯಾ 1722ರಲ್ಲಿ ಕೌಂಟ್ ಟ್ಸಿನ್‌ಟ್ಸೆನ್‌ಡೋರ್ಫ್‌ನನ್ನು ಮದುವೆಯಾದಳು. ಮೊರೇವಿಯನ್ ಪಂಥದ ಹೆರ್ನ್‌ಹೂಟ್ ವಸಾಹತಿನ ಸ್ಥಾಪಕ ಅವನೇ. ಗಂಡ ಕನಸು ಕಾಣುತ್ತ, ಊರೂರು ಸುತ್ತುತ್ತ ಇದ್ದರೆ ಜಮೀನು, ಸಾಲ, ಲೆಕ್ಕಪತ್ರ ನೋಡಿಕೊಂಡು ಆ ಪಂಥ ಮುಳುಗದಂತೆ ಕಾಪಾಡಿದವಳು ಇವಳು. ಅದೇ ಮೊರೇವಿಯನ್ನರು 1760ರಲ್ಲಿ ತರಂಗಂಬಾಡಿಗೆ ಬಂದರು. ಮುಂದಿನ ಶತಮಾನದಲ್ಲಿ ಹಿಮಾಲಯದ ಕೇಲಾಂಗ್‌ಗೂ ಲೇಹ್‌ಗೂ ಹೋಗಿ ನೆಲೆ ನಿಂತರು.

ಅದೇ ಮನೆಯ ಇನ್ನೊಬ್ಬಳು ಆಗುಸ್ಟೆ. ಎರ್ಡ್‌ಮುಟೆಯ ಅಣ್ಣತಮ್ಮಂದಿರಲ್ಲೊಬ್ಬನಾದ 29ನೇ ಹೈನ್‌ರಿಷ್‌ನ ಮೊಮ್ಮಗಳು, 24ನೇ ಹೈನ್‌ರಿಷ್‌ನ ಮಗಳು. 1777ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೋಬರ್ಗ್‌ನ ರಾಜಕುಮಾರ ಫ್ರಾನ್ಸ್‌ನನ್ನು ಮದುವೆಯಾದಳು. ಕೋಬರ್ಗ್ ಆಗ ಸಾಲದಲ್ಲಿ ಮುಳುಗಿದ್ದ ಸಂಸ್ಥಾನ. ಕೊಡಲು ದುಡ್ಡಿಲ್ಲ, ಹೋರಾಡಲು ಸೈನ್ಯವಿಲ್ಲ. ಇದ್ದದ್ದು ನೋಡಲು ಚೆನ್ನಾಗಿದ್ದ ಮಕ್ಕಳು, ಹಳೆಯ ರಕ್ತ. ಆಗುಸ್ಟೆ ಅದನ್ನೇ ಬಂಡವಾಳ ಮಾಡಿಕೊಂಡಳು. ಒಬ್ಬ ಮಗಳನ್ನು ರಷ್ಯಾದ ರಾಣಿ ಕ್ಯಾಥರೀನಳ ಮೊಮ್ಮಗನಿಗೆ ಕೊಟ್ಟಳು. ಮಗ ಲಿಯೊಪೋಲ್ಡ್ 1831ರಲ್ಲಿ ಬೆಲ್ಜಿಯಂನ ಮೊದಲ ರಾಜನಾದ. ಅದನ್ನು ನೋಡಿ ಅದೇ ವರ್ಷ ಅವಳು ಕಣ್ಣುಮುಚ್ಚಿದಳು. ಮಗಳು ವಿಕ್ಟೋಯರ್ ಇಂಗ್ಲೆಂಡಿನ ಕೆಂಟ್ ಡ್ಯೂಕನ ಹೆಂಡತಿಯಾಗಿ ವಿಕ್ಟೋರಿಯಾಳನ್ನು ಹೆತ್ತಳು. ಹಿರಿಯ ಮಗನ ಮಗ ಆಲ್ಬರ್ಟ್ ಆ ವಿಕ್ಟೋರಿಯಾಳನ್ನೇ ಮದುವೆಯಾದ. ಅಂದರೆ ರಾಣಿ ವಿಕ್ಟೋರಿಯಾ, ಅವಳ ಗಂಡ, ಇಬ್ಬರಿಗೂ ಈ ರಾಯ್ಸ್ ಹೆಣ್ಣುಮಗಳೇ ಅಜ್ಜಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಿಂದ ನಿಂತಿರುವ ಅಮೃತಶಿಲೆಯ ವಿಕ್ಟೋರಿಯಾಳ ಅಜ್ಜಿಯ ತವರು ಒಂದು ದಿನದಲ್ಲಿ ನಡೆದು ದಾಟಬಹುದಾಗಿದ್ದ ದೇಶ.

ಸಣ್ಣದಾಗಿದ್ದದ್ದು ರಾಯ್ಸ್‌ಗಳಿಗೆ ಶಾಪವಾಗಲಿಲ್ಲ, ಅದೇ ಅವರ ಆಯುಸ್ಸನ್ನು ಹೆಚ್ಚಿಸಿತು ಎಂದು ನನಗನ್ನಿಸುತ್ತದೆ. ನೆಪೋಲಿಯನ್ ಕಾಲದಲ್ಲಿ ನೂರಾರು ಜರ್ಮನ್ ಸಂಸ್ಥಾನಗಳು ನಕ್ಷೆಯಿಂದ ಅಳಿಸಿಹೋದವು, ಇವರಿಗಿಂತ ದೊಡ್ಡವರೇ ಹೋದರು. ಇವರು 1807ರಲ್ಲಿ ನೆಪೋಲಿಯನ್ನನ ರೈನ್ ಒಕ್ಕೂಟಕ್ಕೆ ಸೇರಿ, ಅವನು ಬಿದ್ದ ಮೇಲೆ ಜರ್ಮನ್ ಒಕ್ಕೂಟಕ್ಕೆ ಸೇರಿ, ಎರಡೂ ಕಡೆ ಉಳಿದುಕೊಂಡರು. ಸ್ಯಾಕ್ಸನಿ, ಪ್ರಷ್ಯಾ, ಬವೇರಿಯಾಗಳ ನಡುವೆ ಸಿಕ್ಕಿದ್ದ ಈ ತುಂಡು ನೆಲವನ್ನು ಒಬ್ಬರು ನುಂಗಿದರೆ ಇನ್ನೊಬ್ಬರಿಗೆ ಹೊಟ್ಟೆಯುರಿ. ಹಾಗಾಗಿ ಯಾರೂ ಮುಟ್ಟಲಿಲ್ಲ. ಹಿರಿಯ ಶಾಖೆಗೆ 1778ರಲ್ಲೇ ಪ್ರಿನ್ಸ್ ಪದವಿ ಸಿಕ್ಕಿತ್ತು. 1806ರ ಹೊತ್ತಿಗೆ ಉಳಿದವರಿಗೂ ಬಂತು.

ಪದವಿ ಬಂದ ಮೇಲೆ ಬಿಂಕ ಬಾರದೇ ಇರುತ್ತದೆಯೇ. ಲೋಬೆನ್‌ಸ್ಟೈನ್-ಎಬರ್ಸ್‌ಡೋರ್ಫ್‌ನ 72ನೇ ಹೈನ್‌ರಿಷ್ 1844ರಲ್ಲಿ ಹೊರಡಿಸಿದ ಆಜ್ಞೆಯೊಂದು ಜರ್ಮನಿಯ ತುಂಬ ನಗೆಪಾಟಲಾಯಿತು. ಪ್ರತಿಯೊಬ್ಬರನ್ನೂ ಅವರವರ ಪದನಾಮ ಹಿಡಿದೇ ಕರೆಯಬೇಕು, ಇಪ್ಪತ್ತು ವರ್ಷದಿಂದ ತಾನು ಈ ತತ್ತ್ವದ ಮೇಲೆ ಸವಾರಿ ಮಾಡುತ್ತಿದ್ದೇನೆ, ಯಾರೂ ಕೇಳುತ್ತಿಲ್ಲ, ತಪ್ಪಿದವರಿಗೆ ದಂಡ ಎಂದು. ಇದಕ್ಕೆ ಒಂದು ವರ್ಷ ಮೊದಲು ಇದೇ ಶಿಸ್ತಿನ ಮನುಷ್ಯ ನರ್ತಕಿ ಲೋಲಾ ಮೊಂಟೆಜ್‌ಳನ್ನು ಅರಮನೆಗೆ ಕರೆಸಿಕೊಂಡಿದ್ದ. ಸ್ಪ್ಯಾನಿಷ್ ಹೆಸರಿಟ್ಟುಕೊಂಡಿದ್ದರೂ ಅವಳು ಐರ್ಲೆಂಡಿನವಳು. ಬಾಲ್ಯದ ಕೆಲವು ವರ್ಷ ಭಾರತದಲ್ಲಿ ಕಳೆದವಳು. ಅರಮನೆಯ ತೋಟದ ಹೂಗಿಡಗಳನ್ನು ಧ್ವಂಸ ಮಾಡಿದಳು, ಎಲ್ಲರ ಮೇಲೂ ದರ್ಬಾರು ನಡೆಸಿದಳು ಎಂದೆಲ್ಲ ಕತೆಗಳಿವೆ. ದೊರೆ ಸಾಕಪ್ಪಾ ಎಂದು ಸಾಗಹಾಕಿದ. ಆಮೇಲೆ ಅವಳು ಮ್ಯೂನಿಕ್‌ಗೆ ಹೋಗಿ ಬವೇರಿಯಾದ ರಾಜ ಲುಡ್‌ವಿಗ್‌ನ ಪಟ್ಟಕ್ಕೇ ಸಂಚಕಾರ ತಂದಳು. 1848ರ ಕ್ರಾಂತಿಯಲ್ಲಿ ಲುಡ್‌ವಿಗ್ ಮಾರ್ಚ್‌ನಲ್ಲಿ ಇಳಿದ, 72ನೆಯವನು ಅಕ್ಟೋಬರ್‌ನಲ್ಲಿ ಇಳಿದ. ಎರಡನೆಯದರಲ್ಲಿ ಲೋಲಾಳ ಪಾತ್ರವೇನೂ ಇಲ್ಲ, ರೈತರ ಬೇಗುದಿಯದೇ ಪಾತ್ರ. ಅವನ ನೆಲ ಶ್ಲೈಟ್ಸ್‌ನ ದಾಯಾದಿಗಳಿಗೆ ಹೋಗಿ ಕಿರಿಯ ಶಾಖೆ ಕೊನೆಗೂ ಒಂದಾಯಿತು.

ಗ್ರೈಟ್ಸ್‌ನ ಹಿರಿಯ ಶಾಖೆಯದು ಇನ್ನೊಂದು ಬಗೆಯ ಹಟ. 1866ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಕಾದಾಡಿದಾಗ ಇನ್ನೂ ಪ್ರಾಪ್ತ ವಯಸ್ಸಿಗೆ ಬಾರದ ದೊರೆಯ ಪರವಾಗಿ ಆಡಳಿತ ನಡೆಸುತ್ತಿದ್ದ ತಾಯಿ ಕರೋಲೀನೆ ಆಸ್ಟ್ರಿಯಾದ ಕಡೆ ನಿಂತಳು. ಪ್ರಷ್ಯಾದ ಸೈನಿಕರು ಬಂದು ಗ್ರೈಟ್ಸ್‌ನಲ್ಲಿ ಕೂತರು. ಒಂದು ಲಕ್ಷ ಥಾಲರ್ ಕಕ್ಕಿಸಿಕೊಂಡು ಹೋದರು. ಆ ಎಳೆಯ ದೊರೆ, 22ನೇ ಹೈನ್‌ರಿಷ್, ಇದನ್ನು ಜೀವಮಾನವಿಡೀ ಮರೆಯಲಿಲ್ಲ. 1871ರಲ್ಲಿ ಜರ್ಮನ್ ಸಾಮ್ರಾಜ್ಯವಾದಾಗ ಅದರ ಒಕ್ಕೂಟ ಸಭೆಯ 58 ಮತಗಳಲ್ಲಿ ಪ್ರಷ್ಯಾಕ್ಕೆ 17, ಗ್ರೈಟ್ಸ್‌ಗೆ ಒಂದು. ಪ್ರಷ್ಯಾದ ಜನಸಂಖ್ಯೆ ಆಗ ಎರಡೂವರೆ ಕೋಟಿಯ ಹತ್ತಿರ, ಗ್ರೈಟ್ಸ್‌ನದು ಸುಮಾರು 45 ಸಾವಿರ. ವಿಸ್ತೀರ್ಣ ಸುಮಾರು 316 ಚದರ ಕಿಲೋಮೀಟರ್, ಇವತ್ತಿನ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಆ ಒಂದು ಮತವನ್ನು 22ನೆಯವನು ಚಾನ್ಸೆಲರ್ ಬಿಸ್ಮಾರ್ಕ್‌ನ ವಿರುದ್ಧ ಚಲಾಯಿಸುತ್ತಲೇ ಹೋದ. ನಾಗರಿಕ ವಿವಾಹ ಕಾನೂನಿಗೆ ವಿರೋಧ, ಕ್ಯಾಥೋಲಿಕರನ್ನು ಹತ್ತಿಕ್ಕುವ ಕಾನೂನಿಗೆ ವಿರೋಧ, 1878ರ ಸಮಾಜವಾದಿ ನಿಷೇಧಕ್ಕೂ ವಿರೋಧ. ಅವನೇನೂ ಉದಾರವಾದಿಯಲ್ಲ, ಹಳೆಯ ಕಾಲದ ಕಟ್ಟಾ ಸಂಪ್ರದಾಯಸ್ಥ. ಬರ್ಲಿನ್ ಹೇಳಿದ್ದು ಯಾವುದೂ ಆಗಬಾರದು, ಅಷ್ಟೇ. ಫಲಿತಾಂಶದಲ್ಲಿ ಮಾತ್ರ ಕೆಲವೊಮ್ಮೆ ಪ್ರಗತಿಪರರ ಸಾಲಿನಲ್ಲಿ ನಿಂತುಬಿಡುತ್ತಿದ್ದ.

ಅದೇ ಕರೋಲೀನೆಯಿಂದ ಗ್ರೈಟ್ಸ್‌ಗೆ ಒಂದು ಆಸ್ತಿಯೂ ಬಂತು. ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ನ ಮಗಳು ಎಲಿಜಬೆತ್ ಅವಳಿಗೆ ದೊಡ್ಡಮ್ಮ ಆಗಬೇಕು. ಆಕೆ ಇಂಗ್ಲೆಂಡಿನಿಂದ ಬರುವಾಗ ತಂದ ಮುದ್ರಿತ ಚಿತ್ರಗಳು, ವ್ಯಂಗ್ಯಚಿತ್ರಗಳ ಸಂಗ್ರಹ ಕರೋಲೀನೆಯ ಮೂಲಕ ಗ್ರೈಟ್ಸ್ ಸೇರಿತು. ಅಲ್ಲಿನ ಉದ್ಯಾನದ ಬೇಸಿಗೆ ಅರಮನೆ ಈಗ ಅದರ ಮ್ಯೂಸಿಯಂ. ತನ್ನ ಅಪ್ಪನನ್ನೂ ಅಣ್ಣನನ್ನೂ ಲೇವಡಿ ಮಾಡಿದ ಚಿತ್ರಗಳನ್ನೂ ಒಬ್ಬ ರಾಜಕುಮಾರಿ ಜೋಪಾನವಾಗಿ ಇಟ್ಟುಕೊಂಡಿದ್ದಳು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

22ನೆಯವನ ಒಬ್ಬನೇ ಮಗ 24ನೇ ಹೈನ್‌ರಿಷ್‌ಗೆ ಬಾಲ್ಯದಿಂದಲೇ ದೇಹ, ಬುದ್ಧಿ ಎರಡರಲ್ಲೂ ಊನವಿತ್ತು. 1902ರಲ್ಲಿ ಹೆಸರಿಗೆ ಅವನು ದೊರೆಯಾದ. ಆಡಳಿತವನ್ನು ಗೇರಾದ ದಾಯಾದಿಗಳು ನಡೆಸಿದರು. 1918ರ ನವೆಂಬರ್‌ನಲ್ಲಿ ಜರ್ಮನಿಯ ಕಿರೀಟಗಳೆಲ್ಲ ಒಂದರ ಹಿಂದೊಂದು ಉರುಳಿದಾಗ 27ನೇ ಹೈನ್‌ರಿಷ್ ತನ್ನ ಪರವಾಗಿಯೂ 24ರ ಪರವಾಗಿಯೂ ಪಟ್ಟ ಬಿಟ್ಟುಕೊಟ್ಟ. ಎರಡು ರಾಯ್ಸ್‌ಗಳೂ ಸೇರಿ ಒಂದು ಪುಟ್ಟ ಗಣರಾಜ್ಯವಾಗಿ, 1920ರ ಮೇ 1ರಂದು ಥುರಿಂಗಿಯಾ ರಾಜ್ಯದಲ್ಲಿ ಕರಗಿದವು.

ಆಮೇಲಿನ ಒಂದು ತಿರುವನ್ನು ಕಾದಂಬರಿಕಾರ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಪ್ರಷ್ಯಾದ ಹೊಹೆನ್‌ಜೋಲರ್ನ್‌ಗಳನ್ನು ಕಂಡರೆ ಉರಿದುಬೀಳುತ್ತಿದ್ದ 22ನೆಯವನ ಮಗಳು ಹೆರ್ಮೀನೆ. ಐದು ಮಕ್ಕಳ ತಾಯಿ, 1920ರಲ್ಲಿ ವಿಧವೆಯಾದಳು. ಹಾಲೆಂಡಿನ ಡೋರ್ನ್‌ನಲ್ಲಿ ದೇಶಭ್ರಷ್ಟನಾಗಿದ್ದ ಮಾಜಿ ಕೈಸರ್ ಎರಡನೇ ವಿಲ್‌ಹೆಲ್ಮ್‌ಗೆ ಅವಳ ಪುಟ್ಟ ಮಗ ಹುಟ್ಟುಹಬ್ಬಕ್ಕೆ ಕಾಗದ ಬರೆದ. ಕೈಸರ್ ತಾಯಿ ಮಗ ಇಬ್ಬರನ್ನೂ ಕರೆಸಿಕೊಂಡ. 1922ರ ನವೆಂಬರ್‌ನಲ್ಲಿ 63ರ ಕೈಸರ್ 34ರ ಹೆರ್ಮೀನೆಯನ್ನು ಮದುವೆಯಾದ. ಕೈಸರ್‌ನ ಹೆಂಡತಿಯಾಗುವ ಭಾಗ್ಯ ಸಾಮ್ರಾಜ್ಯ ಹೋದ ಮೇಲೆ ಒದಗಿಬಂತು. 1947ರಲ್ಲಿ ಸೋವಿಯತ್ ಕಾವಲಿನಲ್ಲಿ ಅವಳು ತೀರಿಕೊಂಡಳು. ಇನ್ನೊಬ್ಬಳು, ಕಿರಿಯ ಶಾಖೆಯ ಕೋಸ್ಟ್ರಿಟ್ಸ್ ಕವಲಿನ ಎಲಿಯೊನೋರೆ, 1908ರಲ್ಲಿ ಬಲ್ಗೇರಿಯಾದ ರಾಣಿಯಾದವಳು. ಬಾಲ್ಕನ್ ಯುದ್ಧಗಳಲ್ಲಿ ನರ್ಸ್ ಆಗಿ ಗಾಯಾಳುಗಳ ಸೇವೆ ಮಾಡಿದಳು. ಸೋಫಿಯಾ ಬಳಿಯ ಬೊಯಾನಾದ ಮಧ್ಯಯುಗದ ಚರ್ಚಿನ ಪಕ್ಕದಲ್ಲಿ ತನ್ನನ್ನು ಹೂಳಬೇಕೆಂದು ಕೇಳಿಕೊಂಡಿದ್ದಳು, ಅಲ್ಲಿಯೇ ಇದ್ದಾಳೆ.

ಗೇರಾ ಸಾಲಿನ ಕೊನೆಯ ರಾಜಕುಮಾರ 45ನೇ ಹೈನ್‌ರಿಷ್ ನಾಟಕದ ಹುಚ್ಚಿನವನು. ಅಜ್ಜನ ಕಾಲದಲ್ಲಿ, 1902ರಲ್ಲಿ, ಕಟ್ಟಿದ ಗೇರಾದ ರಂಗಮಂದಿರಕ್ಕೆ ಜೀವ ತುಂಬಿದವನು. ನಾಜಿ ಪಕ್ಷಕ್ಕೂ ಸೇರಿದ. ಮಕ್ಕಳಿಲ್ಲದ ಅವನು ಕೋಸ್ಟ್ರಿಟ್ಸ್ ಕವಲಿನ ಒಬ್ಬ ಯುವಕನನ್ನು, ಇಪ್ಪತ್ತನೇ ಶತಮಾನದ ಒಂದನೇ ಹೈನ್‌ರಿಷ್‌ನನ್ನು, 1935ರಲ್ಲಿ ದತ್ತು ತೆಗೆದುಕೊಂಡ. 1945ರ ಏಪ್ರಿಲ್‌ನಲ್ಲಿ ಬಾಂಬು ಬಿದ್ದು ಗೇರಾದ ಓಸ್ಟರ್‌ಸ್ಟೈನ್ ಅರಮನೆ ಸುಟ್ಟಿತು. ಆಗಸ್ಟ್‌ನಲ್ಲಿ ಸೋವಿಯತ್ ಸೈನಿಕರು 45ನೆಯವನನ್ನು ಎಬರ್ಸ್‌ಡೋರ್ಫ್‌ನಿಂದ ಹಿಡಿದೊಯ್ದರು. ಅವನು ಮತ್ತೆ ಕಾಣಲಿಲ್ಲ. ಭೂಸುಧಾರಣೆಯಲ್ಲಿ ಕಾಡು, ಹೊಲ, ಅರಮನೆ ಎಲ್ಲವೂ ಸರ್ಕಾರದ ಪಾಲಾದವು. ಅರಮನೆಯ ಪಾಳು ಗೋಡೆಗಳನ್ನು 1962ರಲ್ಲಿ ಕೆಡವಿದರು.

1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಹಳೆಯ ಜಮೀನ್ದಾರರಿಗೆಲ್ಲ ಆಸೆ ಚಿಗುರಿತು. ಆದರೆ ಒಂದು ಗೆರೆ ಎಳೆಯಲಾಗಿತ್ತು: 1945ರಿಂದ 1949ರವರೆಗೆ ಸೋವಿಯತ್ ಆಡಳಿತ ಕಿತ್ತುಕೊಂಡ ನೆಲವನ್ನು ಹಿಂದಿರುಗಿಸುವುದಿಲ್ಲ. ಚಿತ್ರ, ಪೀಠೋಪಕರಣ, ಪುಸ್ತಕಗಳಂಥ ಚರಾಸ್ತಿಗೆ ಮಾತ್ರ 1994ರ ಕಾನೂನಿನಲ್ಲಿ ದಾರಿಯಿತ್ತು. ರಾಯ್ಸ್ ವಾರಸುದಾರರೂ ಕಚೇರಿ, ಕೋರ್ಟುಗಳ ಮೆಟ್ಟಿಲು ಹತ್ತಿದರು. ಒಂದನೇ ಹೈನ್‌ರಿಷ್‌ನ ಮಕ್ಕಳಲ್ಲೊಬ್ಬರು, 1951ರಲ್ಲಿ ಹುಟ್ಟಿದ 13ನೇ ಹೈನ್‌ರಿಷ್, ಫ್ರಾಂಕ್‌ಫರ್ಟ್‌ನಲ್ಲಿ ಆಸ್ತಿ ವ್ಯವಹಾರ ನಡೆಸುತ್ತಿದ್ದವರು.

2022ರ ಡಿಸೆಂಬರ್ 7ರ ಮುಂಜಾನೆ ಸುಮಾರು 3,000 ಪೊಲೀಸರು ಜರ್ಮನಿಯ ಹಲವೆಡೆ ಏಕಕಾಲಕ್ಕೆ ದಾಳಿ ನಡೆಸಿ 25 ಮಂದಿಯನ್ನು ಬಂಧಿಸಿದರು. ಅವರಲ್ಲಿ ಒಬ್ಬರು ಈ 13ನೇ ಹೈನ್‌ರಿಷ್. ಇಂದಿನ ಜರ್ಮನ್ ಗಣರಾಜ್ಯವೇ ಅಕ್ರಮ, ಹಳೆಯ ಸಾಮ್ರಾಜ್ಯ ಕಾನೂನಿನ ಪ್ರಕಾರ ಇನ್ನೂ ಬದುಕಿದೆ ಎಂದು ನಂಬುವ ರೈಷ್‌ಬ್ಯೂರ್ಗರ್ ಎಂಬ ಗುಂಪುಗಳಿವೆ. ಆ ವಿಚಾರದ ಜಾಲವೊಂದು ಸಂಸತ್ ಭವನಕ್ಕೆ ನುಗ್ಗಿ ಸರ್ಕಾರವನ್ನು ಉರುಳಿಸಲು ಸಂಚು ಹೂಡಿತ್ತು, ಆಮೇಲಿನ ಆಡಳಿತಕ್ಕೆ ಮುಖ್ಯಸ್ಥರಾಗಬೇಕಿದ್ದವರು ಇವರು, ಬಾದ್ ಲೋಬೆನ್‌ಸ್ಟೈನ್ ಹತ್ತಿರದ ವೈಡ್‌ಮಾನ್ಸ್‌ಹೈಲ್ ಎಂಬ ಬೇಟೆ ಬಂಗಲೆಯಲ್ಲಿ ಸಭೆಗಳು ನಡೆದಿದ್ದವು ಎಂಬುದು ಸರ್ಕಾರಿ ವಕೀಲರ ಆರೋಪ. ಆರೋಪಗಳನ್ನು ಅವರ ಪರ ವಕೀಲರು ಅಲ್ಲಗಳೆದಿದ್ದಾರೆ. ಮನೆತನದ ಈಗಿನ ಹಿರಿಯ, 14ನೇ ಹೈನ್‌ರಿಷ್, ಬಂಧನಕ್ಕೂ ಮೊದಲೇ ಈ ದೂರದ ನೆಂಟರಿಗೂ ತಮಗೂ ಸಂಬಂಧವಿಲ್ಲ ಎಂದು ಬಹಿರಂಗವಾಗಿ ಹೇಳಿದ್ದರು.

13ನೆಯವರ ವಿಚಾರಣೆ 2024ರ ಮೇ 21ರಂದು ಫ್ರಾಂಕ್‌ಫರ್ಟ್‌ನಲ್ಲಿ ಆರಂಭವಾಯಿತು. ಇಷ್ಟು ಆರೋಪಿಗಳು, ಇಷ್ಟು ವಕೀಲರು ಕೋರ್ಟಿನ ಕಟ್ಟಡದಲ್ಲಿ ಹಿಡಿಸದೆ ಊರಾಚೆ ತಾತ್ಕಾಲಿಕ ಸಭಾಂಗಣವೊಂದನ್ನೇ ಕಟ್ಟಬೇಕಾಯಿತು. ಜರ್ಮನಿಯ ಸರ್ಕಾರಿ ವಕೀಲರು ತಮ್ಮ ಪ್ರಕಟಣೆಗಳಲ್ಲಿ ಆರೋಪಿಗಳ ಮನೆತನದ ಹೆಸರನ್ನು ಪೂರ್ತಿ ಬರೆಯುವುದಿಲ್ಲ. ಮೊದಲ ಅಕ್ಷರ ಮಾತ್ರ ಹಾಕುತ್ತಾರೆ. 1919ರ ವೈಮಾರ್ ಸಂವಿಧಾನ ಕುಲೀನರ ವಿಶೇಷ ಹಕ್ಕುಗಳನ್ನೆಲ್ಲ ರದ್ದು ಮಾಡಿ, ಬಿರುದುಗಳನ್ನು ಬರೀ ಮನೆತನದ ಹೆಸರಿನ ಭಾಗವೆಂದು ಸಾರಿತ್ತು. ಅದರಂತೆ ‘ಪ್ರಿನ್ಸ್ ರಾಯ್ಸ್’ ಎಂಬುದು ಈಗ ಯಾರದೋ ಇನಿಷಿಯಲ್ ಇದ್ದಂತೆ. ಹಾಗಾಗಿ ಪ್ರಕಟಣೆಯಲ್ಲಿ ಪೂರ್ತಿಯಾಗಿ ಅಚ್ಚಾದದ್ದು ಹೆಸರು ಮತ್ತು ಅಂಕಿ ಮಾತ್ರ: 13ನೇ ಹೈನ್‌ರಿಷ್ ಪಿ. ಆರ್.